ಗಾಬರಿ ಬೇಡ

ಫೋನಿನಲ್ಲಿ ಇ-ಮೇಲ್ ಬಂದ ಟಿಣ್ ಸದ್ದಿಗೆ ನನ್ನ ಎದೆ ಈಗಲೂ ಧಸಕ್ಕೆನ್ನುತ್ತದೆ. ಮಕ್ಕಳು ನಗುತ್ತಾರೆ. ನಗಲಿ. ನೀವು ನಮ್ಮಂಥ ಮನೆಯಲ್ಲಿ ಬೆಳೆದವರಾದರೆ ನಗಲಾರಿರಿ. ಶಿರಾ ಕಡೆಯ ನಮ್ಮ ಹಟ್ಟಿಗೆ ಕಾಗದಗಳು ಮಧ್ಯಾಹ್ನದ ಟಪಾಲಿನಲ್ಲಿ ನಿಧಾನವಾಗಿ ಬರುತ್ತಿದ್ದವು, ಎಲ್ಲರ ಯೋಗಕ್ಷೇಮ ಕೇಳಿಕೊಂಡು. ತಂತಿಯ ದಾರಿಯೇ ಬೇರೆ. ದೂರದ ಅಂಚೆಕಚೇರಿಯಲ್ಲಿ ಒಬ್ಬ ಕಟಕಟ ಒತ್ತಿದರೆ, ಶಿರಾದಲ್ಲಿ ಇನ್ನೊಬ್ಬ ಅದನ್ನು ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಬರೆದು ಸೈಕಲ್ಲಿನವನ ಕೈಯಲ್ಲಿ ಕಳಿಸುತ್ತಿದ್ದ. ಒಂದೊಂದು ಪದಕ್ಕೂ ದುಡ್ಡು ತೆರಬೇಕಾದ್ದರಿಂದ ಕ್ಷೇಮಸಮಾಚಾರಕ್ಕೆ ಯಾರೂ ತಂತಿ ಕೊಡುತ್ತಿರಲಿಲ್ಲ. ತಂತಿ ಬಂತೆಂದರೆ ಸಾವು ಎಂದೇ ನಮ್ಮೂರಿನವರ ಲೆಕ್ಕ.

ಅಂದು ಅಂಗಳದ ತುಂಬ ಕಡಲೆಕಾಯಿ ಹರವಿದ್ದೆವು. ಚಿಕ್ಕಪ್ಪ ಲಾರಿ ಓಡಿಸಿಕೊಂಡು ಪುಣೆಗೆ ಹೋಗಿದ್ದ, ಬರುವ ದಿನ ದಾಟಿತ್ತು. ತಂತಿಯವನು ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಹೊರಟುಹೋದ. ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬಾರದು. ಓದಿಸುವ ತನಕ ಅಜ್ಜಿ ಕಾಯಲಿಲ್ಲ. "ನನ್ ಮಗನ್ನ ತಿಂದ್ಬುಟ್ಯಲ್ಲೇ!" ಎಂದು ಚಿಕ್ಕಮ್ಮನ ಎರಡೂ ಕೈ ಹಿಡಿದು ಒರಳುಕಲ್ಲಿಗೆ ಕುಕ್ಕಿದಳು. ಬಳೆ ಚೂರಾದವು. ಕುಂಕುಮ ಒರೆಸಿದಳು, ತಾಳಿ ಕಿತ್ತಳು. ಪಾವಗಡ ಕಡೆಯ ತೆಲುಗು ಸೀಮೆಯಿಂದ ಬಂದ ಚಿಕ್ಕಮ್ಮ "ದೇವುಡಾ, ದೇವುಡಾ" ಎನ್ನುತ್ತಿದ್ದಳೇ ಹೊರತು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.

ಸ್ಕೂಲಿನ ಮೇಷ್ಟ್ರು ಓಡಿಬಂದು ಓದಿ ಹೇಳಿದರು: "ಲಾರಿ ಕೆಟ್ಟಿದೆ. ಶುಕ್ರವಾರ ಬರುತ್ತೇನೆ. ಗಾಬರಿ ಬೇಡ." ನೆರೆದವರೆಲ್ಲ ನಕ್ಕರು, ಅಜ್ಜಿ ಮಾತ್ರ ನಗಲಿಲ್ಲ. ತನ್ನ ತಪ್ಪನ್ನು ಸೊಸೆಯ ತಲೆಗೇ ಕಟ್ಟಿದಳು. "ನಂಗೆ ಹೆತ್ತ ಸಂಕ್ಟ, ಏನೋ ಮಾಡ್ದೆ. ನಿಂಗೇನಾಗಿತ್ತೇ? ಗಂಡ ಸತ್ತ ಅಂತ ಇಷ್ಟ್ ಬೇಗ ನಂಬ್ಬುಟ್ಟು ಕೈ ಕೊಟ್ಯಲ್ಲ!" ಗಂಡನೇ ಮತ್ತೆ ತಾಳಿ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎಂದರು ಹಟ್ಟಿಯ ಹಿರಿಯರು. ಚಿಕ್ಕಮ್ಮ ಹೊಸ ದಾರಕ್ಕೆ ಅರಿಶಿನ ಹಚ್ಚಿ, ತಾಳಿ ಪೋಣಿಸಿಟ್ಟು ಶುಕ್ರವಾರವನ್ನೇ ಕಾದಳು. ಅಷ್ಟು ಆಸೆಯಿಂದ ಕಾದವರನ್ನು ನಾನು ಮತ್ತೆ ನೋಡಿಲ್ಲ.

ಚಿಕ್ಕಪ್ಪ ಬಂದ. ಅವನು ಕಾಲು ತೊಳೆಯುವ ಮೊದಲೇ ಅಜ್ಜಿ ತನ್ನ ವರದಿ ಒಪ್ಪಿಸಿಬಿಟ್ಟಳು. ತಟ್ಟೆಯಲ್ಲಿ ತಾಳಿ ಇಟ್ಟುಕೊಂಡು ನಿಂತವಳನ್ನು ಅವನು ಮೇಲಿಂದ ಕೆಳಗೆ ನೋಡಿ, "ಸತ್ತೋನ್ ಕೈಲಿ ಯಾಕ್ ಕಟ್ಟಿಸ್ಕೊಂತೀಯ, ಬುಡು" ಎಂದ. ಎಂದು ಊಟಕ್ಕೆ ಕುಳಿತ. ತಮಾಷೆಯೆಂದುಕೊಂಡು ನಾವು ಮಕ್ಕಳು ಕಿಸಕ್ಕೆಂದೆವು. ಚಿಕ್ಕಮ್ಮನೂ ನಗಲು ನೋಡಿದಳು.

ಅವನು ಕೊನೆಗೂ ಕಟ್ಟಲಿಲ್ಲ. ಅದೇ ಮನೆಯಲ್ಲಿ ಅವನಿಗೇ ಮುದ್ದೆ ಬಡಿಸುತ್ತ, ಬರಿಗೊರಳಲ್ಲಿ ಅವಳ ವಯಸ್ಸು ಕಳೆಯಿತು. ಅರಿಶಿನ-ಕುಂಕುಮಕ್ಕೆ ಅವಳನ್ನು ಯಾರೂ ಕರೆಯಲಿಲ್ಲ; ವಿಧವೆ ಎನ್ನೋಣವೆಂದರೆ ಗಂಡ ಜಗಲಿಯ ಮೇಲೆ ಬೀಡಿ ಸೇದುತ್ತಿದ್ದ. ಆ ಮನೆ, ಆ ಅಂಗಳ, ಅಜ್ಜಿ ಯಾವುದೂ ಈಗ ಇಲ್ಲ. ಅವಕ್ಕಾಗಿ ನಾನು ಅಳುವುದಿಲ್ಲ, ಚಿಕ್ಕಮ್ಮನನ್ನು ನೆನೆದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಎಷ್ಟೋ ವರ್ಷಗಳ ಮೇಲೆ ಚಿಕ್ಕಪ್ಪ ನಿಜವಾಗಿಯೂ ಸತ್ತಾಗ, ಶಾಸ್ತ್ರ ಮಾಡಬೇಕೆಂದು ಹೆಂಗಸರು ಅವಳನ್ನು ನಡುವೆ ಕೂರಿಸಿ ಸುತ್ತ ನಿಂತರು. ತೆಗೆಯಲು ಅವಳ ಮೈಮೇಲೆ ಏನೂ ಇರಲಿಲ್ಲ.