ಓಡಿದರೆ ತಲೆನೋವು, ಹಿಂದೆ ಶೈಲಜ ಚೇಚಿ

ಓಟದ ಮೂರನೇ ಸುತ್ತಿಗೆ ತಲೆ ಹಿಡಿದುಕೊಂಡಿತು. ಎರಡೂ ಕಡೆ, ಎದೆಬಡಿತದ ಜೊತೆಗೇ ಬಡಿತ. ಪಟ್ಟಂ ಬಡಾವಣೆಯ ನಮ್ಮ ಫ್ಲ್ಯಾಟಿನ ಎದುರಿನ ಮೈದಾನದಲ್ಲಿ ಕೂತುಬಿಟ್ಟೆ. ಅರ್ಧ ಗಂಟೆಗೆ ಮಾಯ. ಮರುದಿನ ಓಡಿದೆ, ಮತ್ತೆ ಬಂತು. ನಡೆದರೆ ಇಲ್ಲ, ಓಡಿದರೆ ಹಾಜರು. ನಲವತ್ತಮೂರಕ್ಕೆ ಓಡಲು ಹೊರಟ ನನ್ನ ಮೇಲೆ ಯಾರದೋ ಕಣ್ಣು ಬಿತ್ತೆಂದುಕೊಂಡೆ.

ನ್ಯೂರಾಲಜಿಸ್ಟ್ ಎಂಆರ್‌ಐ ಬರೆದರು. ರಕ್ತನಾಳಗಳನ್ನು ನೋಡಬೇಕು, ಅಲ್ಲಿಯವರೆಗೆ ಓಡಬೇಡಿ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ ಮಲಯಾಳದಲ್ಲಿ ಏನೋ ಹೇಳಿದರು. ತುಂಬಾ ಹೊತ್ತು ಹೇಳಿದರು.

ನನ್ನ ಅನುಮಾನ ಶುರುವಾದದ್ದು ಅಲ್ಲಿ.

ನಮ್ಮವರು ಇಲ್ಲಿನ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಮೈಸೂರು ಬಿಟ್ಟು ಬಂದ ಮೇಲೆ ಮಲಯಾಳವನ್ನು ಅರೆದು ಕುಡಿದಿದ್ದಾರೆ. ಮಗಳು ಅನು, ನಾನು ಕನ್ನಡದಲ್ಲಿ ಕೇಳಿದ್ದಕ್ಕೂ ಮಲಯಾಳದಲ್ಲೇ ಉತ್ತರ ಕೊಡುತ್ತಾಳೆ. ನನಗೆ ಬರುವುದು ತರಕಾರಿ ಕೊಳ್ಳುವಷ್ಟು. ಅವತ್ತಿನಿಂದ ಅಪ್ಪ ಮಗಳು ಅಡುಗೆಮನೆಯಲ್ಲಿ ಮಲಯಾಳದಲ್ಲಿ ಗುಸುಗುಸು. ನಾನು ಹೋದರೆ ಗಪ್‌ಚಿಪ್. ಕೆಳಮನೆಯ ಶೈಲಜ ಚೇಚಿ, ಎಂದರೆ ಶೈಲಜಕ್ಕ, ಮೊಣಕಾಲು ನೋವೆಂದು ಲಿಫ್ಟ್ ಇಲ್ಲದೆ ಇಳಿಯದ ಹೆಂಗಸು, ನಾನು ಬೆಳಿಗ್ಗೆ ನಡೆಯಲು ಹೊರಟರೆ ಹಿಂದೆಯೇ ಬರತೊಡಗಿದರು. ನಾನು ನಿಂತರೆ ಅವರೂ ನಿಲ್ಲುತ್ತಿದ್ದರು.

ಸಾಯುವವರನ್ನು ಹೀಗೇ ನೋಡಿಕೊಳ್ಳುತ್ತಾರೆ.

ರಿಪೋರ್ಟ್ ಬಂತು. ಎಲ್ಲ ನಾರ್ಮಲ್. ಬರೀ ವ್ಯಾಯಾಮಕ್ಕೆ ಬರುವ ತಲೆನೋವು, ಓಡುವ ಮೊದಲು ವಾರ್ಮ್‌ಅಪ್ ಮಾಡಿ, ಸದ್ಯಕ್ಕೆ ಈ ಮಾತ್ರೆ ತೆಗೆದುಕೊಳ್ಳಿ ಎಂದರು ಡಾಕ್ಟರ್. ಫಿಲ್ಮಿನ ಮೇಲಿದ್ದ ಹೆಸರು, ವಯಸ್ಸನ್ನು ಮೂರು ಸಲ ನೋಡಿದೆ. ನನ್ನದೇ. ಆದರೂ ಮನೆಗೆ ಬಂದು ಅನುವನ್ನು ಎದುರಿಗೆ ಕೂರಿಸಿಕೊಂಡೆ.

"ನಿಜ ಹೇಳು. ಅವತ್ತು ಡಾಕ್ಟರ್ ಅಪ್ಪನಿಗೆ ಏನಂದ್ರು?"

ಅವಳು ಕನ್ನಡದಲ್ಲಿ ಶುರು ಮಾಡಿದಳು. ಕನ್ನಡಕ್ಕೆ ಇಳಿದಳೆಂದರೆ ವಿಷಯ ದೊಡ್ಡದೇ.

"ಒಬ್ಬಳನ್ನೇ ಬಿಡಬೇಡಿ ಅಂದ್ರು. ನೀನು ಕದ್ದು ಓಡ್ತೀಯ ಅಂತ ಅಪ್ಪಂಗೆ ಭಯ. ಅದಕ್ಕೇ ನಿನ್ನ ಹಿಂದೆ ಹೋಗಿ ಅಂತ ಶೈಲಜ ಆಂಟಿನ ಕೇಳಿದ್ರು. ಪಾಪ, ಆಂಟಿಗೆ ಕಾಲು ನೋಯತ್ತೆ, ಬೇಡ ಅಂದೆ ನಾನು. ಅದೇ ಜಗಳ ನಮ್ದು."

"ಇವತ್ತೇನು ಕನ್ನಡದಲ್ಲಿ ಹೇಳ್ತಿದೀಯ?"

"ಮಲಯಾಳದಲ್ಲಿ ಹೇಳಿದ್ರೆ ನೀನು ನಂಬಲ್ಲ."

ನಾಚಿಕೆಯಾಯಿತು. ಅಳುವೂ ಬಂತು.

ಈಗ ಮಾತ್ರೆ ನುಂಗಿ ನಿಧಾನಕ್ಕೆ ಓಡುತ್ತೇನೆ. ತಲೆ ಸುಮ್ಮನಿದೆ, ನಾನಿನ್ನೂ ಅದನ್ನು ಪೂರ್ತಿ ನಂಬಿಲ್ಲ. ಮೂರನೇ ಸುತ್ತಿಗೆ ಒಮ್ಮೆ ತಿರುಗಿ ನೋಡುತ್ತೇನೆ. ಇನ್ನು ಬರಬೇಡಿ ಎಂದು ಚೇಚಿಗೆ ಎಲ್ಲರೂ ಹೇಳಿಯಾಗಿದೆ. ಅವರು ಬರುತ್ತಲೇ ಇದ್ದಾರೆ, ಕುಂಟುತ್ತಾ.