ಮುಳಿಹುಲ್ಲು ಹಾರಿದ ದಿನ

ನಾನು ಚಿಕ್ಕವನಿದ್ದಾಗ ವರ್ಷಕ್ಕೊಂದು ದಿನ ನಮ್ಮ ಮನೆಗೆ ಮಾಡೇ ಇರುತ್ತಿರಲಿಲ್ಲ. ಮಾಡು ಅಂದರೆ ಸೂರು ಮಕ್ಕಳೇ, ಗುಡ್ಡೆಯಲ್ಲಿ ಬೆಳೆಯುವ ಮುಳಿಹುಲ್ಲಿನದ್ದು. ಒಂದು ಮಳೆಗಾಲ ಕಳೆದರೆ ಅದು ಕೊಳೆತು ಕಪ್ಪಾಗುತ್ತಿತ್ತು. ಬೇಸಿಗೆಯಲ್ಲಿ ಹಳೆಯದನ್ನು ಕಿತ್ತು ಹೊಸ ಹುಲ್ಲು ಹೊದೆಸಬೇಕು. ಬೆಳಿಗ್ಗೆ ಬಿಚ್ಚಿದ್ದನ್ನು ಸಂಜೆಯೊಳಗೆ ಮುಚ್ಚಬೇಕು. ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ಅದಕ್ಕೇ ಬೆಳ್ಳಾರೆ ಕಡೆಯ ನಮ್ಮ ಊರಿನಲ್ಲಿ ಒಬ್ಬರ ಮನೆ ಕೆಲಸಕ್ಕೆ ನೆರೆಕರೆಯವರೆಲ್ಲ ಬರುತ್ತಿದ್ದರು. ಕೂಲಿ ಕೊಡುವ ಕ್ರಮ ಇರಲಿಲ್ಲ. ಬಂದವರಿಗೆ ಮಧ್ಯಾಹ್ನ ಹೊಟ್ಟೆ ತುಂಬ ಊಟ ಹಾಕಬೇಕು, ಅಷ್ಟೆ.

ಆ ವರ್ಷ ಊಟ ಹಾಕುವುದೇ ಆಗದ ಮಾತಾಯಿತು. ಮಳೆ ಬೇಗ ಬಿಟ್ಟುಹೋಗಿ ಗದ್ದೆಯಲ್ಲಿ ಬರೀ ಜೊಳ್ಳು ಸಿಕ್ಕಿತ್ತು. ರೇಷನಿನಲ್ಲಿ ಅಕ್ಕಿ ಇಲ್ಲ, ಹುಳ ಹಿಡಿದ ಗೋಧಿ. ಬೆಳಿಗ್ಗೆ ಗೋಧಿ ನುಚ್ಚಿನ ಗಂಜಿ, ಮಧ್ಯಾಹ್ನ ಬೇಯಿಸಿದ ಎಳೆ ಹಲಸು, ಇಷ್ಟೇ ನಮ್ಮ ಊಟ. ಗದ್ದೆಯ ಮಣ್ಣು ಒಡೆದು ಹುಡಿಯಾಗಿತ್ತು. ಮರ ಸಾಗಿಸುವ ಲಾರಿಗಳು ಓಡಾಡುವ ಗುಡ್ಡೆಯ ರಸ್ತೆಯಲ್ಲಂತೂ ಪಾದ ಮುಳುಗುವಷ್ಟು ಕೆಂಪು ಧೂಳು.

"ಗಂಜಿಯಾದರೂ ಕೊಡುವ, ಒಮ್ಮೆ ನೆರೆಕರೆಯವರನ್ನೆಲ್ಲ ಕರೆಯಿರಿ," ಅಂದಳು ಅಮ್ಮ.

"ಇಡೀ ದಿನ ದುಡಿಸಿ ಗಂಜಿತಿಳಿ ಕುಡಿಸುದಾ? ಮತ್ತೆ ಮುಖ ಎತ್ತಿ ತಿರುಗುದು ಹೇಗೆ? ನಾವೇ ಮಾಡುವ," ಅಂದರು ಅಪ್ಪ.

ಮರ್ಯಾದೆಯನ್ನು ಬೇಯಿಸಿ ತಿನ್ನಲಿಕ್ಕೆ ಆಗುತ್ತದಾ? ಈಗಾದರೆ ಕೇಳುತ್ತಿದ್ದೆ. ಆಗ ಅಪ್ಪನ ಎದುರು ನಮಗೆ ಬಾಯಿ ಇರಲಿಲ್ಲ.

ಬೆಳಕು ಹರಿಯುವಾಗಲೇ ಅಪ್ಪ ಮೇಲೆ ಹತ್ತಿದರು. ಹಳೆ ಹುಲ್ಲು ಕೀಳುವಾಗ ಮಸಿ ಉದುರಿ ನಾವೆಲ್ಲ ಎಮ್ಮೆಯ ಬಣ್ಣಕ್ಕೆ ಬಂದೆವು. ಅಮ್ಮ ಹುಲ್ಲಿನ ಕಟ್ಟು ಎತ್ತಿ ಕೊಡುವುದು, ಅಕ್ಕ ಏಣಿಯ ನಡುವೆ ನಿಂತು ಅದನ್ನು ಮೇಲೆ ದಾಟಿಸುವುದು, ನಾನು ಏಣಿ ಹಿಡಿಯುವುದು. ಅಕ್ಕನಿಗೆ ಆಗ ಹದಿಮೂರು ವರ್ಷ. ಚಳಿಗಾಲದಲ್ಲಿ ಅಮ್ಮನ ಜೊತೆ ಗುಡ್ಡೆಗೆ ಹೋಗಿ ಆ ಹುಲ್ಲು ಕೊಯ್ದು ತಂದವಳೂ ಅವಳೇ. ಮಧ್ಯಾಹ್ನ ದಾಟಿದರೂ ಅಡುಗೆಕೋಣೆಯ ಕಡೆಯ ಮಾಡು ಮಾತ್ರ ಮುಗಿದಿತ್ತು. ಒಳಗೆ ಚಾವಡಿಯಲ್ಲಿ ನಿಂತರೆ ಆಕಾಶ ಕಾಣುತ್ತಿತ್ತು.

ಆಗ ಗುಡ್ಡೆಯ ಕಡೆಯಿಂದ ಭರ್ ಅಂತ ಸದ್ದು ಬಂತು. ನೋಡಿದರೆ ಗುಡ್ಡೆಯೇ ಇಲ್ಲ, ಅದರ ಜಾಗದಲ್ಲಿ ಕೆಂಪು ಧೂಳು ಎದ್ದು ನಿಂತಿತ್ತು. "ಒಲೆ ನಂದಿಸು" ಎಂದು ಅಪ್ಪ ಮೇಲಿನಿಂದ ಕೂಗಿದರು. ಒಣಹುಲ್ಲಿನ ಮನೆ, ಒಂದು ಕಿಡಿ ಹಾರಿದರೆ ಮುಗಿಯಿತು. ಅಮ್ಮ ಒಳಗೆ ಓಡಿದಳು. ಅಕ್ಕ ಏಣಿಯಿಂದ ಹಾರಿ ನನ್ನನ್ನು ಗೋಡೆಗೆ ಒತ್ತಿ ಹಿಡಿದು, ತನ್ನ ಲಂಗದಲ್ಲಿ ನನ್ನ ಮುಖ ಮುಚ್ಚಿದಳು. ಆದರೂ ಹಲ್ಲಿನ ಸಂದಿಯಲ್ಲೆಲ್ಲ ಕರಕರ ಮಣ್ಣು. ಅಪ್ಪ ಬಿದಿರಿನ ಗಳು ಅಪ್ಪಿಕೊಂಡು ಮೇಲೆಯೇ ಬೋರಲು ಮಲಗಿದ್ದರು. ಅಂಗಳದಲ್ಲಿದ್ದ ಹುಲ್ಲಿನ ಕಟ್ಟುಗಳು ಉರುಳಿ, ಬಿಚ್ಚಿ, ಗದ್ದೆಯ ಮೇಲೆ ಹಾರುತ್ತಾ ಹೋದವು.

ಗಾಳಿ ತುಂಬ ಹೊತ್ತು ಇರಲಿಲ್ಲ. ಕಣ್ಣು ಬಿಟ್ಟಾಗ ಅಕ್ಕನ ರೆಪ್ಪೆಯೂ ಕೆಂಪಾಗಿತ್ತು. ಹುಲ್ಲು ಮುಳ್ಳಿನ ಪೊದೆಯಲ್ಲಿ, ನೀರು ಬತ್ತಿದ ತೋಡಿನಲ್ಲಿ, ತೆಂಗಿನ ಮರದ ತಲೆಯಲ್ಲಿ ಚೂರುಚೂರಾಗಿ ಸಿಕ್ಕಿಕೊಂಡಿತ್ತು. ಗಂಜಿಯ ಮೇಲೆ ಮಣ್ಣಿನ ಕೆನೆ ಕಟ್ಟಿತ್ತು. ಅಮ್ಮ ಅದನ್ನು ಬಟ್ಟೆಯಲ್ಲಿ ಸೋಸಿ ಕೊಟ್ಟಳು, ನಾವು ಕುಡಿದೆವು.

ಸಂಜೆ ಗದ್ದೆಯಾಚೆಯ ಮನೆಯ ಮಾವ ಒಂದು ತೆಕ್ಕೆ ಹುಲ್ಲು ಹೆಕ್ಕಿಕೊಂಡು ಬಂದರು. ಅದನ್ನು ಅಂಗಳದಲ್ಲಿಟ್ಟು ಅಪ್ಪನಿಗೆ ಹೇಳಿದರು, "ಬೆಳಿಗ್ಗೆಯೇ ಕಂಡಿದ್ದೆ ಭಾವ, ನೀವು ಮಾಡು ಬಿಚ್ಚುದು. ಹೊರಟಿದ್ದೆ ಸಹ. ಆದರೆ ನಾವು ಬಂದರೆ ನೀವು ಊಟ ಹಾಕ್ಬೇಕಲ್ಲ. ನಿಮ್ಮಲ್ಲಿ ಅಕ್ಕಿ ಇಲ್ಲ ಅಂತ ಎಲ್ಲರಿಗೂ ಗೊತ್ತುಂಟು. ನಿಮ್ಮನ್ನು ಎಂತಕೆ ಕಷ್ಟಕ್ಕೆ ಹಾಕುದು ಅಂತ ಯಾರೂ ಬರ್ಲಿಲ್ಲ."

ಅಪ್ಪ ಕೂತು ಆ ಹುಲ್ಲನ್ನು ಕಟ್ಟತೊಡಗಿದರು. ಮಾವ ತಲೆ ತಗ್ಗಿಸಿ ನಿಂತರು. ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು. ಸುಳ್ಳೇಕೆ, ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಬೇಸಿಗೆಯಲ್ಲಿ ಗುಡ್ಡೆಯಲ್ಲಿ ಬೇರೆ ಹುಲ್ಲು ಎಲ್ಲಿಂದ ಬರಬೇಕು? ಅಡುಗೆಕೋಣೆ ಮತ್ತು ಅದಕ್ಕೆ ತಾಗಿದ ಒಂದು ಮೂಲೆಗೆ ಮಾತ್ರ ಮಾಡು ಉಳಿಯಿತು. ಉಳಿದದ್ದಕ್ಕೆ ಹೆಣೆದ ತೆಂಗಿನ ಮಡಲು ಹೊದೆಸಿದೆವು. ಮೊದಲ ದೊಡ್ಡ ಮಳೆಗೇ ಅದು ಸೋರಿತು. ನಾಲ್ಕು ಜನ ಮಲಗುವಷ್ಟು ಒಣ ಜಾಗ ಇರಲಿಲ್ಲ. "ಈ ಒಂದು ಮಳೆಗಾಲ ಕಳೆಯಲಿ," ಎಂದು ಅಪ್ಪ ಅಕ್ಕನನ್ನು ಗುತ್ತಿಗಾರಿನ ದೊಡ್ಡಮ್ಮನ ಮನೆಗೆ ಬಿಟ್ಟು ಬಂದರು. ಅಲ್ಲಿ ಸಣ್ಣ ಮಕ್ಕಳಿದ್ದರು, ಕೆಲಸ ಬೆಟ್ಟದಷ್ಟಿತ್ತು. ಮರುವರ್ಷ ನಮ್ಮ ಮನೆಗೆ ಪೂರ್ತಿ ಹುಲ್ಲು ಹೊದೆಸಿಯಾಯಿತು. ಅಷ್ಟರಲ್ಲಿ ಅವಳಿಲ್ಲದೆ ಆಗುವುದಿಲ್ಲ ಅಂದರು ಅಲ್ಲಿಯವರು. ಶಾಲೆ ಅಲ್ಲಿಗೇ ನಿಂತಿತು. ಕೆಲವು ವರ್ಷಗಳ ಮೇಲೆ ಮದುವೆಯೂ ಆ ಮನೆಯ ಅಂಗಳದಲ್ಲೇ ಆಯಿತು. ನಮ್ಮ ಮನೆಗೆ ಅವಳು ನೆಂಟಳಾಗಿ ಬಂದು ಹೋಗುತ್ತಿದ್ದಳು.

ನಿಮ್ಮ ತಲೆಯ ಮೇಲೆ ಕಾಂಕ್ರೀಟು ಉಂಟು, ಅಕ್ಕ ತಮ್ಮನಿಗೆ ಬೇರೆ ಬೇರೆ ಕೋಣೆ ಉಂಟು. ಗಾಳಿ ಬಂದರೆ ಕಿಟಕಿ ಹಾಕುತ್ತೀರಿ. ಕರೆಂಟು ಹೋದರೆ ಇದ್ದ ಒಂದು ಟಾರ್ಚಿಗಾಗಿ ಕಿತ್ತಾಡುತ್ತೀರಿ. ನಿಮ್ಮ ಅಮ್ಮ ಇಬ್ಬರಿಗೂ ಬೈಯುತ್ತಾಳೆ, ನಾನು ಸುಮ್ಮನಿರುತ್ತೇನೆ. ಅಜ್ಜ ಯಾಕೆ ಬಿಡಿಸುವುದಿಲ್ಲ ಎಂದು ನೀವು ಕೇಳಿದಿರಲ್ಲ. ಜಗಳ ಆಡಿ ಮಕ್ಕಳೇ. ಆ ಮಳೆಗಾಲದ ಮೇಲೆ ನಮ್ಮ ಮನೆಯಲ್ಲಿ ಜಗಳ ಆಡಲಿಕ್ಕೆ ನನಗೆ ಯಾರೂ ಇರಲಿಲ್ಲ.