ಸಾಲು ಮೇಸ್ತ್ರಿಯ ಐದು ಕ್ಯಾಪುಗಳು

ಊರಿಗೆಲ್ಲ ಅವರು ಸಾಲು ಮೇಸ್ತ್ರಿ. ಎಂಜಿನ್ ಬಿಚ್ಚಿದರೆ ಬಿಚ್ಚಿದ ಕ್ರಮದಲ್ಲೇ ಒಂದೊಂದು ಭಾಗವನ್ನೂ ಶೆಡ್ಡಿನ ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ, ಗೋಣಿಚೀಲದ ಮೇಲೆ ಸಾಲಾಗಿ ಮಲಗಿಸುತ್ತಿದ್ದರು. ಮತ್ತೆ ಕಟ್ಟುವಾಗ ಗೋಡೆಯಿಂದ ಬಾಗಿಲಿಗೆ ಬಂದರಾಯಿತು. ಸೀಮೆಸುಣ್ಣದಲ್ಲಿ ನಂಬರು ಬರೆದಿಟ್ಟುಕೊಳ್ಳುವ ಮೆಕ್ಯಾನಿಕ್‌ಗಳನ್ನು ಕಂಡರೆ ಅವರಿಗೆ ನಗು. "ಹೆಂಡ್ತಿ ಹಣೆ ಮೇಲೂ ನಂಬರ್ ಬರ್ದಿರ್ತಾರೇನೋ, ಮನೆಗೆ ಹೋದಾಗ ಗುರುತು ಸಿಗ್ಲಿ ಅಂತ!"

ಈಗ ಎದುರಿಗಿದ್ದದ್ದು ಹೆಚ್ಚುಕಡಿಮೆ ಅವರದೇ ವಯಸ್ಸಿನ ಟ್ರ್ಯಾಕ್ಟರಿನ ಎಂಜಿನ್. ಎಂಜಿನ್ನಿನೊಳಗೆ ತಿರುಗುವ ದಪ್ಪ ಉಕ್ಕಿನ ದಂಡ, ಕ್ರ್ಯಾಂಕನ್ನು ಜಾಗದಲ್ಲಿ ಕೂರಿಸಿ, ಅದನ್ನು ಹಿಡಿದಿಡುವ ಐದು ಕಬ್ಬಿಣದ ಕ್ಯಾಪುಗಳನ್ನು ಬಿಗಿದಿದ್ದರು. ಕೈಯಲ್ಲಿ ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗಬೇಕು. ಅದು ಹಲ್ಲು ಕಚ್ಚಿ ಕೂತಿತ್ತು. ಎರಡನೆಯ ಕ್ಯಾಪು ಸಡಿಲಿಸಿದರೆ ಅಲುಗಿತು, ಬಿಗಿದರೆ ಮತ್ತೆ ಹಿಡಿಯಿತು. ಎರಡನೆಯದನ್ನೂ ನಾಲ್ಕನೆಯದನ್ನೂ ಅದಲುಬದಲು ಮಾಡಿದರು; ಈಗ ಮೂರನೆಯದರ ಹತ್ತಿರ ಹಿಡಿಯಿತು. ನೋಡಲು ಐದೂ ಅಣ್ಣತಮ್ಮಂದಿರೇ, ಆದರೆ ಒಬ್ಬನ ಜಾಗದಲ್ಲಿ ಇನ್ನೊಬ್ಬ ಕೂತರೆ ಕ್ರ್ಯಾಂಕಿನ ಕತ್ತು ಹಿಸುಕುತ್ತವೆ. ಕಂಪನಿಯವರು ಕೊರೆದಿದ್ದ ಗುರುತುಗಳು ಎಂದೋ ಸವೆದುಹೋಗಿದ್ದವು. ಇದ್ದದ್ದು ಸಾಲು ಒಂದೇ. ಸಾಲೇ ತಪ್ಪಿತ್ತು.

ಟ್ರ್ಯಾಕ್ಟರಿನ ಯಜಮಾನ ಬೆಳಿಗ್ಗೆಯೇ ಹೇಳಿ ಹೋಗಿದ್ದ: "ಮೇಸ್ತ್ರಿ, ನಿಮ್ಮ ಕೈಯಿಂದ ಈಚೆಗೆ ಹೋದ ಎರಡು ಎಂಜಿನ್ನೂ ಕೆಟ್ಟು ವಾಪಸ್ ಬಂದ್ವು ಅಂತ ಜನ ಆಡ್ಕೋತಿದಾರೆ. ನಾನು ಕಿವಿಗೆ ಹಾಕ್ಕೊಂಡಿಲ್ಲ. ಆದ್ರೆ ಸಂಜೆಗೆ ಆಗಿಲ್ಲ ಅಂದ್ರೆ ಎತ್ತಿಸ್ಕೊಂಡು ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ."

ಇದು ಹೋದರೆ ಇನ್ನೊಂದು ಈ ಬಾಗಿಲಿಗೆ ಬರುವುದಿಲ್ಲ. ಮೇಸ್ತ್ರಿಗೆ ಅದು ಗೊತ್ತಿತ್ತು.

ತವರಿಗೆ ಬಂದಿದ್ದ ಮಗಳು ಸಂಜೆಯ ಚಹಾ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಳು. ಸೊಂಟದ ಮೇಲೆ ಮಗು. ಈ ಸೆಕೆಯಲ್ಲೂ ಅದರ ಕಾಲಿಗೆ ಕಾಲುಚೀಲ.

"ಅಪ್ಪಾ, ಅಲ್ಲೊಂದು ನಟ್ಟು ಬಿದ್ದಿದೆ. ಇವಳು ನುಂಗಿಬಿಟ್ರೆ?"

"ಸೊಂಟದ ಮೇಲಿರೋಳು ಹೇಗಮ್ಮ ನುಂಗ್ತಾಳೆ? ನಟ್ಟೇನು ಹಾರ್ಕೊಂಡು ಬರುತ್ತಾ?"

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಮೇಸ್ತ್ರಿ ಸ್ಪ್ಯಾನರ್ ಎಸೆದರು. ಮಗು ಬೆಚ್ಚಿತು.

"ಯಾರೋ ನನ್ನ ಸಾಲು ಕದಡಿದಾರೆ. ಇವಳೇ ಇರ್ಬೇಕು! ನಿನ್ನೆ ಇಲ್ಲಿ ಆಡೋಕೆ ಬಿಟ್ಟಿದ್ದೆ ತಾನೆ?"

ಮಗಳು ಏನೋ ಹೇಳಹೊರಟು ತಡೆದುಕೊಂಡಳು. ಅಪ್ಪ ಈಗತಾನೇ ಎಸೆದ ಸ್ಪ್ಯಾನರಿಗಾಗಿ ಜೇಬು ತಡಕಾಡುತ್ತಿದ್ದರು.

"ಹೌದಪ್ಪ," ಎಂದಳು. "ಒಂದು ಗಳಿಗೆ ಕೆಳಗೆ ಬಿಟ್ಟಿದ್ದೆ. ಇವಳೇ ಎತ್ತಿ ಆಡಿರ್ಬೇಕು. ನನ್ನದೇ ತಪ್ಪು."

ಮೇಸ್ತ್ರಿಯ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಹಾಗೆ ಹೇಳು ಮತ್ತೆ! ನಾನೆಲ್ಲಿ ಮರೀತೀನಿ!" ಒಂದು ಕ್ಯಾಪು ಬಿಚ್ಚಿ ಮಗುವಿನ ಮುಂದೆ ಹಿಡಿದರು. "ಕಳ್ಳೀ, ಹೇಗೆ ಎತ್ತಿದೆ? ತಾತಂಗೂ ತೋರ್ಸು ನೋಡೋಣ."

ಮಗು ಎರಡೂ ಕೈ ಚಾಚಿ ಹಿಡಿದು ಎಳೆಯಿತು. ಕ್ಯಾಪು ಮೇಸ್ತ್ರಿಯ ಅಂಗೈ ಬಿಟ್ಟು ಕದಲಲಿಲ್ಲ. ಮತ್ತೆ ಎಳೆಯಿತು, ಮುಖ ಕೆಂಪಾಯಿತು, ಅತ್ತಿತು.

ಮೇಸ್ತ್ರಿ ಮಗಳ ಮುಖ ನೋಡಿದರು. ಸೊಂಟದ ಮೇಲಿನ ಮಗು ನಟ್ಟು ನುಂಗೀತೆಂದು ಹೆದರುವವಳು, ಈ ನೆಲದ ಮೇಲೆ ಬಿಟ್ಟಾಳೇ? ಮಗಳು ಮಗುವಿನ ಕೈಗಂಟಿದ ಗ್ರೀಸನ್ನು ಸೆರಗಿನಲ್ಲಿ ಒರೆಸಿದಳು. ತಲೆ ಎತ್ತದೆ ಒರೆಸುತ್ತಲೇ ಇದ್ದಳು.

"ಸಾಕು ಬಿಡಮ್ಮ, ಹೋಯ್ತು," ಎಂದರು ಮೇಸ್ತ್ರಿ. ಕೈಯಲ್ಲಿದ್ದ ಕ್ಯಾಪನ್ನು ಗೋಣಿಚೀಲದ ಮೇಲಿಟ್ಟು, "ಮನೇಲಿ ಸೀಮೆಸುಣ್ಣ ಇದ್ಯಾ?"

ಮಗಳು ತಂದುಕೊಟ್ಟು ಒಳಗೆ ಹೋದಳು.

ಮೇಸ್ತ್ರಿ ಉಳಿದ ನಾಲ್ಕು ಕ್ಯಾಪನ್ನೂ ಬಿಚ್ಚಿ, ಐದನ್ನೂ ಮುಂದಿಟ್ಟುಕೊಂಡು ಕೂತರು. ಒಂದನ್ನು ಎತ್ತಿ ಅದರ ಬೆನ್ನ ಮೇಲೆ ಒಂದು ಎಂದು ಬರೆದರು. ನೋಡಿದರು. ಹೆಬ್ಬೆರಳಿನಿಂದ ಒರೆಸಿದರು. ಪಕ್ಕದ್ದನ್ನು ಎತ್ತಿಕೊಂಡು ಅದರ ಮೇಲೂ ಒಂದು ಎಂದೇ ಬರೆದರು.

ಹೊರಗೆ ಯಜಮಾನನ ಗಾಡಿ ಬಂದು ನಿಂತ ಸದ್ದಾಯಿತು. ಮಗಳು ಹೊಸ್ತಿಲ ಮೇಲಿಟ್ಟಿದ್ದ ಚಹಾ ಕೆನೆಗಟ್ಟಿತ್ತು.